ಒಂದೇ ತಲಾಖ್ ಉಳಿದವನು

ಸಾವಿನ ಮನೆಗೆ ಬಂದವರೆಲ್ಲ ಒಂದೇ ಮಾತು ಹೇಳಿ ಹೋದರು. ಬಯ್ಯೂಮಿಯ ಬಾಯಿ ಒರಟು, ಮನಸ್ಸು ಹಾಲು. ಹೆಂಗಸರು ಒಳಗೆ ನನ್ನ ಮುಂದೆ ಹೇಳಿದರು. ಗಂಡಸರು ಹೊರಗೆ ಶಾಮಿಯಾನದಲ್ಲಿ ಸಕ್ಕರೆ ಇಲ್ಲದ ಕಾಫಿ ಕುಡಿಯುತ್ತ ಹೇಳಿದ್ದು ಕಿಟಕಿಯಿಂದ ಕೇಳಿಸಿತು. ಮನಸ್ಸು ಹಾಲಾಗಿದ್ದರೆ ಅದು ಅವನ ಎದೆಯೊಳಗೆ ಇತ್ತು. ನಾನು ಬದುಕಿದ್ದು ಅವನ ಬಾಯಿಯ ಜೊತೆ.

ಬಯ್ಯೂಮಿ ನನ್ನ ಗಂಡ. ಫೆಸೀಖ್ ಅನ್ನುವ ಉಪ್ಪುಮೀನು ಮಾಡುತ್ತಿದ್ದ. ಬೂರಿ ಮೀನನ್ನು ಹೊಟ್ಟೆ ಉಬ್ಬುವ ತನಕ ಹಾಗೇ ಬಿಟ್ಟು, ಆಮೇಲೆ ಕಿವಿರಿಗೆ ಕಲ್ಲುಪ್ಪು ತುಂಬಿ, ಮರದ ಪೀಪಾಯಿಯಲ್ಲಿ ಸಾಲಾಗಿ ಜೋಡಿಸಿ, ಮುಚ್ಚಳದ ಮೇಲೆ ಕಲ್ಲು ಹೇರಿ ಕಾಯಬೇಕು. ಹದಕ್ಕೆ ಬಂದರೆ ಬೆಣ್ಣೆ ಅನ್ನುತ್ತಾರೆ ತಿನ್ನುವವರು. ಹದಕ್ಕೆ ಮೊದಲೇ ತೆಗೆದರೆ ತಿಂದವರ ಕಣ್ಣು ಮಂಜಾಗುತ್ತದೆ, ನಾಲಿಗೆ ಹೊರಳುವುದಿಲ್ಲ, ಉಸಿರು ನಿಲ್ಲುತ್ತದೆ. ಕೈರೋದಿಂದ ಉತ್ತರಕ್ಕಿರುವ ನಮ್ಮ ನಬರೂಹ್‌ನಲ್ಲಿ ಅರ್ಧ ಊರಿಗೆ ಇದೇ ಕಸುಬು. ಊರಿಗೆ ಊರೇ ನಾರುತ್ತದೆ. ಆ ನಾತ ನನಗೆ ರೂಢಿಯಾಯಿತು. ಬಾಯಿ ರೂಢಿಯಾಗಲಿಲ್ಲ.

ನಮ್ಮ ಗಂಡಸರಿಗೆ ಒಂದು ಚಾಳಿ. ಮಾತು ಮಾತಿಗೆ ತಲಾಖಿನ ಆಣೆ ಹಾಕುತ್ತಾರೆ. ತಲಾಖಿನ ಆಣೆಗೂ ಈ ಕಲ್ಲಂಗಡಿ ಸಿಹಿ ಇದೆ. ತಲಾಖಿನ ಆಣೆಗೂ ನೀನು ಚಹಾ ಕುಡಿಯದೆ ಏಳಬಾರದು. ಕಲ್ಲಂಗಡಿ ಸಪ್ಪೆಯಾದರೆ, ಬಂದವನು ಚಹಾ ಬಿಟ್ಟು ಎದ್ದರೆ, ಮನೆಯಲ್ಲಿ ಏನೂ ಅರಿಯದೆ ಬಟ್ಟೆ ಒಗೆಯುತ್ತಿರುವ ಹೆಂಡತಿ ಅಲ್ಲಿಗೆ ಹೆಂಡತಿಯಲ್ಲ. ಕಲ್ಲಂಗಡಿಗೆ ಹೆಣ್ಣನ್ನು ಪಣ ಇಡುವ ಬಾಯಿಗಳು ಅವು. ಉಗಿಯಬೇಕು ಅನ್ನಿಸುತ್ತದೆ. ಪಟ್ಟಣದ ಧರ್ಮಪಂಡಿತ ಶೇಖರು, ಮನಸ್ಸಿನಲ್ಲಿ ಇಲ್ಲದಿದ್ದರೆ ಆಣೆಯ ತಲಾಖ್ ಬೀಳುವುದಿಲ್ಲ ಅನ್ನುತ್ತಾರಂತೆ. ನಮ್ಮ ಓಣಿಯ ಶೇಖ್ ರದ್ವಾನ್ ಹಳೆಯ ಕಾಲದವರು. ಅವರಿಗೆ ಆಣೆ ಸುಳ್ಳಾದರೆ ತಲಾಖ್ ಬಿತ್ತು, ಅಷ್ಟೇ.

ನನ್ನ ಮದುವೆಯಾದ ವಾರದಲ್ಲೇ ಬಯ್ಯೂಮಿಯ ಚಿಕ್ಕಪ್ಪ ಶಲಬಿ ಊಟಕ್ಕೆ ಬಂದಿದ್ದರು. ನಾನು ಕೈತೊಳೆಯುವ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

"ಇನ್ನೊಂದು ಬಾತುಕೋಳಿ ಕಾಲು ತಗೊಳ್ಳಿ ಚಿಕ್ಕಪ್ಪ."

"ಬೇಡಪ್ಪಾ, ಗಂಟಲ ತನಕ ಬಂದಿದೆ."

"ತಲಾಖಿನ ಆಣೆಗೂ ಮುಗಿಸ್ಲೇಬೇಕು ನೀವು!"

ಚಿಕ್ಕಪ್ಪ ನನ್ನ ಕಡೆ ನೋಡಿದರು. "ಅಲ್ವೋ ಕತ್ತೆ, ಹುಡುಗಿ ಕೈಯಿನ ಮದರಂಗಿ ಇನ್ನೂ ಮಾಸಿಲ್ಲ" ಅಂದರು. ಆಮೇಲೆ ತಿಂದರು. ಕಣ್ಣಲ್ಲಿ ನೀರು ಬರುತ್ತಿತ್ತು, ಗಡ್ಡದಿಂದ ಜಿಡ್ಡು ಇಳಿಯುತ್ತಿತ್ತು, ತಿಂದರು. ತಿಂದು ಅಂಗಳಕ್ಕೆ ಹೋಗಿ ಕೊಳಾಯಿಯ ಹತ್ತಿರ ಎಲ್ಲವನ್ನೂ ಕಕ್ಕಿದರು. ಬಳಿದವಳು ನಾನು. ಬಯ್ಯೂಮಿ ಹಲ್ಲು ಕಿರಿಯುತ್ತ ಬಂದು, "ನೋಡಿದ್ಯಾ, ನಿನ್ನನ್ನ ಉಳಿಸಿಬಿಟ್ರು ನಮ್ಮ ಚಿಕ್ಕಪ್ಪ" ಅಂದ.

ಅತ್ತೆಗೆ ಇದೆಲ್ಲ ಹೆಮ್ಮೆ. "ಗಂಡಸಿನ ರಕ್ತ ಬಿಸಿ ಇರ್ಬೇಕು ಕಣೇ. ತಣ್ಣಗಿರೋಕೆ ಅವನೇನು ಪೀಪಾಯಿ ಮೀನಾ?" ಅನ್ನುತ್ತಿದ್ದಳು.

ಮೊದಲನೆಯ ತಲಾಖ್ ಬಿದ್ದಿದ್ದು ನಾನು ಮಗಳು ವಿದಾದಳನ್ನು ಹೊತ್ತಿದ್ದಾಗ. ಪೀಪಾಯಿಗಳು ಮನೆಯ ಕೆಳಗಿನ ಕೋಣೆಯಲ್ಲೇ ಇದ್ದವು. ಬಸುರಿಗೆ ಆ ನಾತ ತಡೆಯುತ್ತಿರಲಿಲ್ಲ. ಒಂದು ಸಂಜೆ ಕೆಂಡಕ್ಕೆ ಒಂದು ಹಿಡಿ ಧೂಪ ಹಾಕಿದೆ. ಅವನು ಒಳಗೆ ಬಂದವನೇ ಮೂಗು ಎತ್ತಿದ.

"ಯಾರಿಗಿದು ಧೂಪ?"

"ಮನೆಗೆ."

"ಮನೆಗಾ, ನನಗಾ? ನಾನು ನಾರ್ತೀನಾ?"

"ನಾರ್ತೀಯ. ಬೆಳಗಿಂದ ಮೀನು ಮುಟ್ಟಿದೋನು ಗುಲಾಬಿ ಥರ ಇರ್ತಾನಾ?"

"ಹಂಗಾದ್ರೆ ಗುಲಾಬಿ ಮಾರೋನ ಹತ್ರ ಹೋಗು. ನಿನಗೆ ತಲಾಖ್!"

ಇದು ಆಣೆಯಲ್ಲ. ಮುಖ ನೋಡಿ ಹೇಳಿದ್ದು. ಇದನ್ನು ಯಾವ ಪಟ್ಟಣದ ಶೇಖರೂ ತಳ್ಳಿಹಾಕುವಂತಿಲ್ಲ. ಹೇಳಿದ ಮೇಲೆ ಅವನ ಮುಖ ಸುಣ್ಣದಂತಾಯಿತು. ನುಂಗಿದ ಮೇಲೆ ಏನು ನುಂಗಿದೆ ಅಂತ ಗೊತ್ತಾದವನ ಹಾಗೆ ಬಾಯಿ ತೆರೆದುಕೊಂಡು ನಿಂತ. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡಳು. ಅವನು ನನ್ನ ಕಾಲ ಮೇಲೆ ಬಿದ್ದು ಅತ್ತ. ಕಣ್ಣೀರು, ಸಿಂಬಳ ಎಲ್ಲ ನನ್ನ ಪಾದದ ಮೇಲೆ. ನನಗೆ ಆ ಮಾತಿಗಿಂತ ಆ ಅಳು ಹೆಚ್ಚು ಹೇಸಿಗೆಯಾಯಿತು. ಬೈದ ಬಾಯಿ ಇನ್ನೂ ಮುಚ್ಚಿಲ್ಲ, ಅದೇ ಬಾಯಿಂದ ಅಳು.

ತವರಿಗೆ ಹೋದೆ. ವಾರ ಕಳೆದು ಶಲಬಿ ಚಿಕ್ಕಪ್ಪನನ್ನು ಮುಂದಿಟ್ಟುಕೊಂಡು ಬಂದ. ನಿನ್ನನ್ನು ನನ್ನ ನಿಕಾಹ್‌ಗೆ ವಾಪಸ್ ತಗೊಂಡಿದ್ದೀನಿ ಅಂದ. ಹೇಳಿದರೆ ಆಯಿತು. ಹೋಗೆಂದರೆ ಹೋಗಬೇಕು, ಬಾ ಎಂದರೆ ಬರಬೇಕು. ನನ್ನ ಅಪ್ಪ, "ಹೋಗಮ್ಮಾ, ಹೊಟ್ಟೇಲಿ ಮಗು ಇದೆ" ಅಂದ. ಹೋದೆ.

ಅದಾದ ಮೇಲೆ ಕೆಲವು ವರ್ಷ ಅವನು ಮುಖ ನೋಡಿ ಹೇಳಲಿಲ್ಲ. ಆಣೆ ಬಿಡಲಿಲ್ಲ. ತಟ್ಟೆ ಒಡೆಯುವುದು ಬಿಡಲಿಲ್ಲ. ಸೂಪು ಬಿಸಿ ಇದೆ ಅಂತ ಗೋಡೆಗೆ ಎಸೆಯುವುದು ಬಿಡಲಿಲ್ಲ. ಗೋಡೆಯ ಮೇಲೆ ಮುಲೂಖಿಯಾ ಸೊಪ್ಪಿನ ಲೋಳೆ ಹಸಿರಾಗಿ ಇಳಿಯುವುದನ್ನು ಅವನೇ ನಿಂತು ನೋಡುತ್ತಿದ್ದ, ಯಾರೋ ಬೇರೆಯವರು ಎಸೆದ ಹಾಗೆ.

ಎರಡನೆಯದು ನನಗೆ ಗೊತ್ತಾಗಿದ್ದು ಪಕ್ಕದ ಮನೆಯ ಬಹಿಯ್ಯಳಿಂದ. ನಾನು ಹೊಸಿಲ ಮೇಲೆ ಕುಳಿತು ಸೊಪ್ಪು ಬಿಡಿಸುತ್ತಿದ್ದೆ. ಅವಳು ನಿಂಬೆಹಣ್ಣಿನ ಬುಟ್ಟಿ ಹೊತ್ತು ಮಾರುಕಟ್ಟೆಯಿಂದ ಬಂದವಳು ನನ್ನನ್ನು ನೋಡಿ ನಿಂತುಬಿಟ್ಟಳು.

"ಅಯ್ಯೋ ವಿದಾದಳ ಅಮ್ಮಾ, ಇನ್ನೂ ಇವನಿಗೆ ಅಡುಗೆ ಮಾಡ್ತಾ ಕೂತಿದ್ದೀಯಾ?"

"ಯಾಕೆ, ಸತ್ನಾ?"

"ಸತ್ತಿದ್ರೆ ವಾಸಿ ಇತ್ತು. ನಿನಗೆ ತಲಾಖ್ ಕೊಟ್ಟ. ಇಡೀ ಮಾರ್ಕೆಟ್ಟು ಕೇಳಿಸ್ಕೊಂಡಿದೆ."

ನಡೆದದ್ದು ಇಷ್ಟು. ಅವನ ತಮ್ಮನ ಹೆಸರು ಮೆತ್ವಲ್ಲಿ, ಅಂಗಡಿಯಲ್ಲಿ ಪಾಲುದಾರ. ಗಿರಾಕಿಗಳ ಮುಂದೆ, "ನಮ್ಮಲ್ಲಿ ಬೆಲೆ ಹೇಳೋದು ಅತ್ತಿಗೆ. ಅಣ್ಣ ಬರೀ ಕಾಗದ ಸುತ್ತೋನು" ಅಂದಿದ್ದಾನೆ. ನಾಲ್ಕು ಜನ ನಕ್ಕಿದ್ದಾರೆ. ಇವನು ಗಟ್ಟಿಯಾಗಿ, "ಅವಳಿಗೆ ತಲಾಖ್ ಕೊಟ್ಟೆ! ಈಗ ಹೇಳ್ರೋ, ಯಾರು ಯಜಮಾನ?" ಅಂದಿದ್ದಾನೆ. ನಾನು ಆ ಹೊತ್ತಿಗೆ ಅವನ ಊಟಕ್ಕೆ ಸೊಪ್ಪು ಬಿಡಿಸುತ್ತಿದ್ದೆ.

ಸೊಪ್ಪನ್ನು ಅಲ್ಲೇ ಕೋಳಿಗಳಿಗೆ ಸುರಿದೆ. ವಿದಾದಳ ಕೈ ಹಿಡಿದು ನೇರ ಶೇಖ್ ರದ್ವಾನರ ಮನೆಗೆ ಹೋದೆ. ಅವನನ್ನೂ ಕರೆಸಿದರು. ಮೈತುಂಬ ಮೀನಿನ ಹುರುಪೆ ಅಂಟಿಸಿಕೊಂಡೇ ಬಂದು ಕುಳಿತ.

ಶೇಖರು ಕೇಳಿದರು, "ಆ ಹೊತ್ತಲ್ಲಿ ನಿನಗೆ ಆಕಾಶ ಯಾವುದು ಭೂಮಿ ಯಾವುದು ಗೊತ್ತಾಗ್ತಿತ್ತಾ? ಗೊತ್ತಾಗದಷ್ಟು ಸಿಟ್ಟಿತ್ತಾ?"

ಗೊತ್ತಾಗ್ತಿರಲಿಲ್ಲ ಅಂದಿದ್ದರೆ ಬಚಾವಾಗುತ್ತಿದ್ದ. ಸಿಟ್ಟಲ್ಲಿ ಬುದ್ಧಿ ಹೋಗಿತ್ತು, ಬಿದ್ದಿಲ್ಲ ಅನ್ನುತ್ತಿದ್ದರು. ಈ ಮೂರ್ಖ ಎದೆ ಉಬ್ಬಿಸಿ, "ನನಗೇನು ಹುಚ್ಚಾ? ಎಲ್ಲ ಗೊತ್ತಿತ್ತು" ಅಂದ. ಹುಚ್ಚ ಅನ್ನಿಸಿಕೊಳ್ಳುವುದಕ್ಕಿಂತ ಹೆಂಡತಿಯನ್ನು ಕಳೆದುಕೊಳ್ಳುವುದು ವಾಸಿ ಅವನಿಗೆ.

"ಹಾಗಾದ್ರೆ ಬಿತ್ತು. ಎರಡಾಯ್ತು. ಇನ್ನೊಂದೇ ಉಳಿದಿರೋದು ಬಯ್ಯೂಮಿ. ಅದೂ ಬಿದ್ರೆ ಇವಳು ನಿನಗೆ ಬೀದೀಲಿ ಹೋಗೋ ಹೆಂಗಸು. ಇನ್ನೊಬ್ಬನನ್ನ ಮದುವೆ ಆಗಿ, ಅವನ ಜೊತೆ ಬಾಳಿ, ಅವನು ಬಿಟ್ರೆ ಮಾತ್ರ ನಿನಗೆ ಸಿಗ್ತಾಳೆ."

ಬಾಗಿಲ ಹತ್ತಿರ ಕಾಫಿ ಅಂಗಡಿಯ ಹಿಜಾಜಿ ಕುಳಿತಿದ್ದ. ಯಾರ ಮನೆಯ ಕೊಳೆ ಹೊರಬಿದ್ದರೂ ಅಲ್ಲಿ ಅವನ ಮೂಗು ಇರುತ್ತದೆ. ಬಯ್ಯೂಮಿಯ ಕಿವಿಯ ಹತ್ತಿರ ಬಗ್ಗಿ, ನನಗೂ ಕೇಳುವ ಹಾಗೆ, "ಯೋಚನೆ ಮಾಡ್ಬೇಡವೋ. ಹಂಗೇನಾದ್ರೂ ಆದ್ರೆ ನನ್ನ ಕೈಯಲ್ಲಿ ಒಬ್ಬ ಇದ್ದಾನೆ. ಬಾಯಿ ಬಿಡಲ್ಲ. ಒಂದು ರಾತ್ರಿ, ಬೆಳಗ್ಗೆ ಬಿಟ್ಟುಬಿಡ್ತಾನೆ" ಅಂದ.

ನನ್ನ ಮೈಮೇಲೆ ಜಿರಳೆ ಹರಿದ ಹಾಗಾಯಿತು. ಶೇಖರು ಥೂ ಅಂದು ಹಿಜಾಜಿಯನ್ನು ಹೊರಗೆ ಅಟ್ಟಿದರು. ನಾನು ಅಲ್ಲೇ ಶೇಖರ ಮುಂದೆ ಬಯ್ಯೂಮಿಗೆ ಹೇಳಿದೆ.

"ಕೇಳ್ಕೋ. ಮೂರನೇದು ನಿನ್ನ ಬಾಯಿಂದ ಬಿತ್ತೋ, ಅಲ್ಲಿಗೆ ಮುಗೀತು. ಯಾವನ ಹಾಸಿಗೆಗೂ ಹೋಗಿ ತೊಳ್ಕೊಂಡು ನಿನ್ನತ್ರ ಬರೋಳಲ್ಲ ನಾನು. ಮಗಳನ್ನ ಕರ್ಕೊಂಡು ಹೋಗ್ತೀನಿ. ನೀನು ನಿನ್ನ ಪೀಪಾಯಿ ಜೊತೆ ಮಲಕ್ಕೋ."

ಅವನು ನನ್ನ ಕಡೆ ನೋಡಲಿಲ್ಲ. ಹಿಜಾಜಿ ಹೋದ ಬಾಗಿಲನ್ನು ನೋಡುತ್ತಿದ್ದ. ಆ ಒಬ್ಬ ಗಂಡಸು ಯಾರಿರಬಹುದು ಎಂದು ಅವನ ತಲೆಯಲ್ಲಿ ಓಡುತ್ತಿತ್ತು, ನನಗೆ ಗೊತ್ತು. ನನಗೆ ಮಾಡಿದ ಅವಮಾನ ಅವನಿಗೆ ತಟ್ಟಲಿಲ್ಲ. ತನ್ನ ಜಾಗದಲ್ಲಿ ಇನ್ನೊಬ್ಬ ಅನ್ನುವುದು ತಟ್ಟಿತು. ಅವನು ಕಲಿಯಲು ಶುರು ಮಾಡಿದ್ದು ಒಳ್ಳೆಯತನದಿಂದಲ್ಲ.

"ಏನು ಮಾಡ್ಲಿ ಶೇಖರೇ? ಬಾಯಿಗೆ ಬಂದ್ಮೇಲೆ ನನಗೇ ಕೇಳಿಸೋದು" ಅಂದ.

"ನಮಗೆ ಕಲಿಸಿಕೊಟ್ಟಿರೋದೇ ಇದೆಯಲ್ಲ. ಸಿಟ್ಟು ಬಂದಾಗ ನಿಂತಿದ್ರೆ ಕೂತ್ಕೋ. ಕೂತ್ರೂ ಹೋಗ್ಲಿಲ್ಲ ಅಂದ್ರೆ ಮಲಕ್ಕೋ. ಆಮೇಲೆ ಎದ್ದು ಕೈಕಾಲು ಮುಖ ತೊಳಿ."

"ಅಂಗಡೀಲೂನಾ?"

"ಸಿಟ್ಟು ಎಲ್ಲಿ ಬರುತ್ತೋ ಅಲ್ಲೇ."

ಕೆಲವು ದಿನ ತವರಲ್ಲಿ ಕುಳಿತೆ, ಅವನು ವಾಪಸ್ ತಗೊಂಡ ಮೇಲೆ ಮತ್ತೆ ಕೂಡಿದೆವು. ಮೊದಲ ಸಲ ಅವನು ಮಲಗಿದ್ದನ್ನು ನಾನೇ ನೋಡಿದೆ. ಊಟದ ಡಬ್ಬಿ ಕೊಡಲು ಅಂಗಡಿಗೆ ಹೋಗಿದ್ದೆ. ಒಬ್ಬ ಗಿರಾಕಿ ಮೀನನ್ನು ಹಿಸುಕಿ ನೋಡಿ ಎಸೆದು, ಇದಕ್ಕಿಂತ ನನ್ನ ಎಕ್ಕಡ ಮೆತ್ತಗಿದೆ ಅಂದ. ಬಯ್ಯೂಮಿಯ ಕಿವಿ ಕೆಂಪಾಯಿತು. ಬಾಯಿ ತೆರೆಯಿತು. ಮುಚ್ಚಿದ. ಕುಕ್ಕರಗಾಲಲ್ಲಿ ಕುಳಿತ. ಗಿರಾಕಿ ಇನ್ನೂ ಏನೋ ಅಂದ. ಆಗ ಇವನು ಉದ್ದಕ್ಕೆ, ಅಂಗಾತ, ಅಂಗಡಿಯ ನೆಲದ ಮೇಲೆ ಮಲಗಿಬಿಟ್ಟ. ಆ ನೆಲದಲ್ಲಿ ಏನಿರುತ್ತದೆ? ಉಪ್ಪುನೀರು, ಹುರುಪೆ, ಕರುಳು, ಜನ ತುಳಿದ ಕೆಸರು, ಬೆಕ್ಕಿನ ಉಚ್ಚೆ. ಅದರಲ್ಲಿ ಮಲಗಿ ಮೇಲಿನ ಸೂರು ನೋಡುತ್ತ ಮೂಗಿಂದ ಬುಸುಗುಟ್ಟುತ್ತಿದ್ದ. ಗಿರಾಕಿ ಹೆದರಿ, "ಮೂರ್ಛೆ ರೋಗಾನಾ?" ಅಂತ ನನ್ನನ್ನು ಕೇಳಿದ.

"ಅಲ್ಲ. ಯೋಚನೆ ಮಾಡ್ತಿದ್ದಾನೆ" ಅಂದೆ.

ಆ ನಿಲುವಂಗಿಯನ್ನು ಒಗೆದವಳು ನಾನು. ಬೆನ್ನಿಗೆ ಮೀನಿನ ಕಣ್ಣು ಅಂಟಿಕೊಂಡಿತ್ತು.

ಮಾರುಕಟ್ಟೆಗೆ ಇದು ಆಟವಾಯಿತು. ಬಯ್ಯೂಮಿ ಮಲಗ್ತಾನಂತೆ, ನಡೀರಿ ನೋಡೋಣ ಅಂತ ಬೇಕೆಂದೇ ಬಂದು ಕೆಣಕುವವರು ಹುಟ್ಟಿಕೊಂಡರು. ಎದುರಂಗಡಿಯ ಶಹ್ಹಾತ್ ಒಂದು ದಿಂಬು ತಂದು ಇಟ್ಟುಹೋದ. ಹಿಜಾಜಿ ಕಾಫಿ ಅಂಗಡಿಯಲ್ಲಿ ಕುಳಿತು, "ಹೆಂಡತಿ ಎದುರಿಗೆ ಮಲಗೋ ಗಂಡಸರನ್ನ ನೋಡಿದ್ವಿ, ಮೀನಿನ ಎದುರಿಗೆ ಮಲಗೋನನ್ನ ಈಗ ನೋಡಿದ್ವಿ" ಅನ್ನುತ್ತಿದ್ದ. ಒಬ್ಬ ಮನುಷ್ಯ ತನ್ನ ಬಾಯಿ ಕಟ್ಟಿಕೊಳ್ಳಲು ಹೆಣಗುತ್ತಿರುವಾಗ ಅದನ್ನು ಬಿಚ್ಚಿಸಲು ಊರೆಲ್ಲ ಕೈಹಾಕಿತು. ಅವನು ಆಣೆ ಹಾಕುತ್ತಿದ್ದಾಗ ಯಾರೂ ಅವನನ್ನು ಹೀಗೆ ನೋಡಿ ನಕ್ಕಿರಲಿಲ್ಲ.

ಅವನೇನು ಸಂತನಾಗಲಿಲ್ಲ. ತಲಾಖ್ ಶಬ್ದ ಬಿಟ್ಟ, ನನ್ನ ಅಪ್ಪನನ್ನು, ಅಪ್ಪನ ಅಪ್ಪನನ್ನು ಬಯ್ಯುವುದನ್ನು ಹೆಚ್ಚು ಮಾಡಿದ. ಆಮೇಲೆ ಅದನ್ನೂ ನುಂಗಲು ನೋಡಿದ. ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದ. ಮುಂಗೈ ಮೇಲೆ ಹಲ್ಲಿನ ಗುರುತು ಕೀವಾಗಿ ಸೋರುತ್ತಿತ್ತು. ಒಂದು ಸಲ ಅಂಗಡಿಯ ಬೀಗದ ಕೈ ಕಳೆದ ಜಗಳದಲ್ಲಿ ನನ್ನ ಕಡೆ ಬೆರಳು ತೋರಿಸಿ, "ನಿನಗೆ..." ತನಕ ಬಂದ. ಮುಂದಿನ ಶಬ್ದ ತುಟಿಯ ಮೇಲಿತ್ತು. ಪಕ್ಕದಲ್ಲಿದ್ದ ಮೂಟೆಯಿಂದ ಒಂದು ಹಿಡಿ ಕಲ್ಲುಪ್ಪು ತೆಗೆದು ಬಾಯಿಗೆ ತುರುಕಿಕೊಂಡ. ಕಣ್ಣು ಹೊರಗೆ ಬಂತು. ಜಗಿದ, ಕೆಮ್ಮಿದ, ಅಂಗಳಕ್ಕೆ ಓಡಿ ವಾಂತಿ ಮಾಡಿದ. ವಿದಾದ್ ಹೆದರಿ ನನ್ನ ನಿಲುವಂಗಿಯ ಅಂಚು ಹಿಡಿದಳು.

"ಅಪ್ಪನಿಗೆ ಏನಾಯ್ತು?"

"ಮಾತು ಗಂಟಲಲ್ಲಿ ಸಿಕ್ಕಿಹಾಕ್ಕೊಂಡಿದೆ. ನೀರು ಕೊಡು."

ನಾನು ಹೊಗಳಲಿಲ್ಲ. ಉಗುಳಬಾರದ್ದನ್ನು ಉಗುಳದೇ ಇದ್ದುದಕ್ಕೆ ಹೊಗಳಬೇಕಾ?

ಆದರೆ ನೋಡುತ್ತಿದ್ದೆ. ಸಿಟ್ಟು ಬರುವ ಮೊದಲು ಕಿವಿ ಬಿಸಿಯಾಗುತ್ತದೆ ಅಂತ ಅವನೇ ಕಂಡುಕೊಂಡ. ಮೊದಮೊದಲು ಮಲಗಿದ ಮೇಲೆ ಗೊತ್ತಾಗುತ್ತಿತ್ತು, ಬರಬರುತ್ತ ಕೂರುವ ಮೊದಲೇ ಗೊತ್ತಾಗತೊಡಗಿತು. "ವಿದಾದ್, ಕಿವಿ ಬಿಸಿ ಆಯ್ತು, ನೀರು ತಾ" ಅನ್ನುತ್ತಿದ್ದ. ಹೂಜಿಯ ನೀರನ್ನು ತಲೆಗೆ ಸುರಿದುಕೊಂಡು, ಮೀಸೆಯಿಂದ ನೀರು ತೊಟ್ಟಿಕ್ಕುತ್ತಿರುವಾಗಲೇ, "ಈಗ ಹೇಳು, ಸಾರಿಗೆ ಯಾಕೆ ಉಪ್ಪಿಲ್ಲ?" ಅಂತ ಕೇಳುತ್ತಿದ್ದ. ಮನೆಯ ಚಾಪೆಗಳು ಒಣಗಿದ್ದೇ ಇಲ್ಲ.

ಹೀಗೆ ಕೆಲವು ವರ್ಷ. ಆಮೇಲೆ ಆ ವಸಂತದ ಹಬ್ಬ ಬಂತು.

ಶಮ್ ಅನ್ನಸೀಮ್ ದಿನ ಇಡೀ ದೇಶ ಫೆಸೀಖ್ ತಿನ್ನುತ್ತದೆ. ಹಿಂದಿನ ವಾರ ನಮ್ಮೂರಿಗೆ ಮನ್ಸೂರಾದಿಂದ, ಕೈರೋದಿಂದ ಕಾರುಗಳು ಬರುತ್ತವೆ. ನಾನು ಮತ್ತು ಮೆತ್ವಲ್ಲಿಯ ಹೆಂಡತಿ ಹುಸ್ನಿಯ್ಯ ಅಂಗಡಿಯ ಹಿಂದುಗಡೆ ಕುಳಿತು ಮೀನು ಕಾಗದದಲ್ಲಿ ಸುತ್ತುತ್ತಿದ್ದೆವು. ಮುಂದೆ ಜನ ಕಾಲಿಡಲು ಜಾಗವಿಲ್ಲದಷ್ಟು.

ಶಹ್ಹಾತ್ ತನ್ನ ಅಂಗಡಿಯಿಂದಲೇ ಕೂಗಿದ, "ಅಲ್ಲಿ ತಗೊಳ್ಳೋರು ನೋಡ್ಕೊಂಡು ತಗೊಳ್ರಪ್ಪಾ! ಪಕ್ಕದ ತಲ್ಖಾ ಊರಲ್ಲಿ ಒಬ್ಬಳು ನಿನ್ನೆ ಅವರ ಮೀನು ತಿಂದು ಆಸ್ಪತ್ರೆ ಸೇರಿದ್ದಾಳೆ. ಒಂದು ದೀಪ ಎರಡಾಗಿ ಕಾಣುತ್ತಂತೆ!"

ಜನ ಹಿಂದೆ ಸರಿದರು. ಕೈಯಲ್ಲಿದ್ದ ಪೊಟ್ಟಣಗಳು ಹಲಗೆಯ ಮೇಲೆ ವಾಪಸ್ ಬಿದ್ದವು. ಒಂದು ಮೀನು ಜಾರಿ ನೆಲಕ್ಕೆ ಬಿದ್ದು ತುಳಿತಕ್ಕೆ ಸಿಕ್ಕಿತು.

ಒಬ್ಬ ದಪ್ಪ ಮನುಷ್ಯ ಮುಂದೆ ಬಂದ. "ತಲಾಖಿನ ಆಣೆ ಹಾಕು. ನಿನ್ನ ಪೀಪಾಯಿ ಎಲ್ಲ ಹದವಾಗಿದೆ ಅಂತ ಹೆಂಡತಿ ಮೇಲೆ ಆಣೆ ಹಾಕು, ತಗೊಂಡು ಹೋಗ್ತೀನಿ."

"ಹೌದು, ಹಾಕ್ಲಿ!" ಅಂದರು ಉಳಿದವರು. "ಬರೀ ಒಂದು ಮಾತು ತಾನೇ?"

ಬಯ್ಯೂಮಿ ತನ್ನ ಕೈಯಾರೆ ತುಂಬಿದ ಪೀಪಾಯಿಗಳು. ಮಾರಾಟಕ್ಕೆ ತೆಗೆದವೆಲ್ಲ ಹದವಾಗಿವೆ ಅಂತ ಅವನ ನಂಬಿಕೆ. ಹಾಕದಿದ್ದರೆ ಕಳ್ಳ ಅನ್ನುತ್ತಾರೆ. ಮೆತ್ವಲ್ಲಿ ಅವನ ಭುಜ ಹಿಡಿದು ಅಲುಗಾಡಿಸಿದ. "ಹಾಕು ಅಣ್ಣ! ಮರ್ಯಾದೆ ಪ್ರಶ್ನೆ. ಏನು ನೋಡ್ತಿದ್ದೀಯ?"

ನಾನು ಎದ್ದು ನಿಂತೆ. ಕಾಗದ ಕೈಯಲ್ಲೇ ಇತ್ತು. ಅವನ ಕಿವಿ ಉರಿಯುವ ಕೆಂಡದ ಬಣ್ಣಕ್ಕೆ ತಿರುಗಿದ್ದು ಹಿಂದಿನಿಂದ ಕಾಣುತ್ತಿತ್ತು. "ತಲಾ..." ಅಂದ. ನನಗೆ ಕೇಳಿಸಿತು.

ಅಲ್ಲಿಗೆ ನಿಲ್ಲಿಸಿದ. ಹಲ್ಲು ಕಚ್ಚಿದ ಸದ್ದು ಬಂತು. ಕುಳಿತ. ಆಮೇಲೆ ಅಷ್ಟು ಜನರ ಕಾಲುಗಳ ನಡುವೆ, ಆ ಕೊಚ್ಚೆಯಲ್ಲಿ, ಮಲಗಿದ.

ಕೇಕೆ ಹೊಡೆದು ನಕ್ಕರು. "ಮಲಗಿದ ನೋಡ್ರೋ! ಆಣೆ ಹಾಕು ಅಂದ್ರೆ ನಿದ್ದೆ ಮಾಡ್ತಾನೆ!" ಮೆತ್ವಲ್ಲಿ ಕಾಲಿಂದ ಅವನ ಪಕ್ಕೆಗೆ ಒದ್ದ. "ಏಳೋ, ಹೆಂಗಸಿನ ಥರ ಆಡ್ಬೇಡ, ಏಳು!" ಒಬ್ಬ ಬಗ್ಗಿ ಅವನ ಮುಖದ ಹತ್ತಿರ ಉಗುಳಿದ. ಆ ಎಂಜಲು ಅವನ ಗಡ್ಡಕ್ಕೆ ತಾಗಿತು. ಬಯ್ಯೂಮಿ ಒರೆಸಿಕೊಳ್ಳಲಿಲ್ಲ.

ಅವನ ಮುಖದ ಪಕ್ಕದಲ್ಲೇ ಆ ತುಳಿದ ಮೀನು ಬಿದ್ದಿತ್ತು. ಹೊಟ್ಟೆ ಒಡೆದಿತ್ತು. ಅವನು ಮಲಗಿದಲ್ಲೇ ಅದನ್ನು ಮೂಸಿದ. ಕೈ ಚಾಚಿ ಬೆರಳಿಂದ ಮಾಂಸವನ್ನು ಬಿಡಿಸಿದ. ಮುಳ್ಳಿನ ಪಕ್ಕದಲ್ಲಿ ಇನ್ನೂ ಹಸಿ ರಕ್ತ. ಹದಕ್ಕೆ ಬರದ ಮೀನು.

ಎದ್ದು ಕುಳಿತ. ಧ್ವನಿ ಸಣ್ಣದಾಗಿತ್ತು. "ಮೆತ್ವಲ್ಲಿ, ಕಿಟಕಿ ಪಕ್ಕದ ಪೀಪಾಯಿ ತೆಗೆದ್ಯಾ?"

"ಯಾವ ಪೀಪಾಯಿ?"

"ಹಬ್ಬ ಆದ್ಮೇಲೆ ತೆಗೀಬೇಕು ಅಂದಿದ್ದೆನಲ್ಲ, ಅದು."

"ತಲಾಖಿನ ಆಣೆಗೂ ನಾನದನ್ನ ಮುಟ್ಟಿಲ್ಲ!"

ಇನ್ನೂ ಹೇಳಿ ಮುಗಿಸಿರಲಿಲ್ಲ, ಬಯ್ಯೂಮಿ ಹಿಂದೆ ಬಂದು ಆ ಪೀಪಾಯಿಯ ಮುಚ್ಚಳ ಎತ್ತಿದ. ಅರ್ಧ ಖಾಲಿ. ಎಲ್ಲರೂ ನೋಡಿದರು. ಮೆತ್ವಲ್ಲಿ ತಲೆ ಕೆರೆದುಕೊಂಡ, ಗಿರಾಕಿ ಜಾಸ್ತಿ ಇದ್ರು ಅಂದ. ನಾನು ಹುಸ್ನಿಯ್ಯಳ ಕಡೆ ನೋಡಿದೆ. ಅವಳು ಸುತ್ತುತ್ತಿದ್ದ ಪೊಟ್ಟಣ ಅರ್ಧಕ್ಕೆ ನಿಂತಿತ್ತು. ಬೇರೆ ಯಾರೂ ಅವಳ ಕಡೆ ನೋಡಲಿಲ್ಲ. ಒಬ್ಬ ಹೆಂಗಸಿನ ಮದುವೆ ಅಲ್ಲಿ ಅವರ ಕಣ್ಣೆದುರಿಗೆ ಕೊಚ್ಚೆಗೆ ಬಿದ್ದಿತ್ತು. ಅವರು ಮೀನು ನೋಡುತ್ತಿದ್ದರು.

ಮುಚ್ಚಳದ ಮೇಲಿನ ಕಲ್ಲು ಬಯ್ಯೂಮಿಯ ಕೈಯಲ್ಲಿತ್ತು. ತಮ್ಮನ ತಲೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಕಲ್ಲನ್ನು ನೆಲಕ್ಕೆ ಇಟ್ಟ. ಬಕೆಟ್ಟಿನ ನೀರನ್ನು ತಲೆಗೆ ಸುರಿದುಕೊಂಡ. ಜನರ ಮುಂದೆ ಹೋಗಿ, "ನಿನ್ನೆ ಇವತ್ತು ಇಲ್ಲಿಂದ ತಗೊಂಡ್ಹೋದೋರು ತಿನ್ಬೇಡಿ. ವಾಪಸ್ ತನ್ನಿ. ನಿಮ್ಮೋರಿಗೂ ಹೇಳಿ" ಅಂದ. ಆ ಪೀಪಾಯಿಗೆ ಸೀಮೆಎಣ್ಣೆ ಸುರಿದ. ಅಂಗಡಿ ಮುಚ್ಚಿದ.

ತಲ್ಖಾದ ಹೆಂಗಸು ಬದುಕಿದಳು. ಇನ್ನೆಷ್ಟು ಜನ ಸಾಯುತ್ತಿದ್ದರೋ ದೇವರಿಗೇ ಗೊತ್ತು. ಬಂದು ಒಳ್ಳೆಯ ಮಾತು ಹೇಳಿದವರು ಯಾರೂ ಇಲ್ಲ. ಕಾಫಿ ಅಂಗಡಿಯಲ್ಲಿ, ಆಣೆ ಹಾಕೋಕೆ ಗುಂಡಿಗೆ ಇಲ್ಲದೋನು ಅಂತಲೇ ಮಾತು. ಆಣೆ ಹಾಕಿ ಸುಳ್ಳು ಹೇಳಿದವನ ಬಗ್ಗೆ ಒಂದು ಮಾತಿಲ್ಲ. ಮೆತ್ವಲ್ಲಿ ಬೇರೆ ಅಂಗಡಿ ಮಾಡಿಕೊಂಡ. ಅವನ ಅಂಗಡಿ ನಡೆಯಿತು, ನಮ್ಮದು ಏಳಲಿಲ್ಲ. ಬಯ್ಯೂಮಿ ಬೇರೆಯವರ ಪೀಪಾಯಿಗೆ ಉಪ್ಪು ತುಂಬುವ ಕೂಲಿಗೆ ಹೋದ.

ಹಬ್ಬ ಮುಗಿದ ಮೇಲೆ ಹುಸ್ನಿಯ್ಯ ಒಂದು ದಿನ ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಬರಲಿಲ್ಲ.

"ಅಕ್ಕಾ, ಬಿತ್ತಾ?"

"ನನ್ನ ಕೇಳಿದ್ರೆ? ಶೇಖರನ್ನ ಕೇಳು."

"ಕೇಳಿದ್ರೆ ಹೇಳಿಬಿಡ್ತಾರಲ್ಲ. ಇದಕ್ಕೆ ಮುಂಚೆ ಎಷ್ಟು ಆಣೆ ಹಾಕಿದ್ದಾನೋ, ಎಷ್ಟು ಸುಳ್ಳೋ. ಲೆಕ್ಕ ಯಾರಿಗೆ ಗೊತ್ತು? ನಾಲ್ಕು ಮಕ್ಕಳಕ್ಕಾ."

"ಅವನೇನಂತಾನೆ?"

"ಬಾಯಿ ಮುಚ್ಕೊಂಡು ಸಾರು ಬಡಿಸು ಅಂತಾನೆ."

ಅವಳು ಯಾರನ್ನೂ ಕೇಳಲಿಲ್ಲ. ಇವತ್ತಿಗೂ ಅದೇ ಮನೆಯಲ್ಲಿ ಇದ್ದಾಳೆ. ತಾನು ಹೆಂಡತಿಯೋ ಅಲ್ಲವೋ ಗೊತ್ತಿಲ್ಲದೆ ದಿನಾ ಅವನ ಪಕ್ಕದಲ್ಲಿ ಮಲಗುತ್ತಾಳೆ. ಈ ಹೇಸಿಗೆಗೆ ಊರಲ್ಲಿ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ. ಮೀನಿಗೆ ಮುಚ್ಚಿಕೊಳ್ಳುತ್ತಾರೆ.

ಬಯ್ಯೂಮಿ ಕಡೆ ಕಡೆಗೆ ಮಲಗುವುದು ಕಡಿಮೆ ಮಾಡಿದ. ಕೂತರೆ ಸಾಕಾಗುತ್ತಿತ್ತು. ಆಮೇಲೆ ಕೂರುವುದೂ ಬೇಡವಾಯಿತು, ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ವಿದಾದಳ ಮದುವೆಯಲ್ಲಿ ಬೀಗರು ಹಾಸಿಗೆ ಸಣ್ಣದು ಅಂತ ಗಲಾಟೆ ಮಾಡಿದಾಗ ಹಾಗೇ ನಿಂತ. ಅಳಿಯ, ಮಾವನಿಗೆ ತಲೆ ಸುತ್ತುತ್ತಾ ಅಂತ ಕೇಳಿದ. ಮದುವೆ ಮುಗಿದ ಮೇಲೆ ಅಳಿಯನನ್ನು ಪಕ್ಕಕ್ಕೆ ಕರೆದು, "ತಲಾಖಿನ ಆಣೆ ಹಾಕ್ತೀಯಾ ನೀನು?" ಅಂತ ಕೇಳಿದನಂತೆ. ಹುಡುಗ, ಎಲ್ಲರೂ ಹಾಕ್ತಾರಲ್ಲ ಮಾವ ಅಂದನಂತೆ. ಅವತ್ತು ಮನೆಗೆ ಬಂದು ಬಹಳ ಹೊತ್ತು ನೆಲದ ಮೇಲೆ ಮಲಗಿದ್ದ.

ಆಮೇಲೆ ಲಿವರ್ ಕೆಟ್ಟಿತು. ನಮ್ಮ ಕಡೆ ಬಹಳ ಗಂಡಸರಿಗೆ ಇದೇ ಕಾಯಿಲೆ. ಹೊಟ್ಟೆ ಪೀಪಾಯಿಯಷ್ಟಾಯಿತು. ಕಣ್ಣು ಹಳದಿ. ಬಾಯಿಂದ ಬರುವ ನಾತ ಮೀನಿನದಲ್ಲ, ಸಾವಿನದು. ಆಸ್ಪತ್ರೆಯಲ್ಲಿ ಒಂದೇ ಹಾಸಿಗೆಯ ಮೇಲೆ ಇಬ್ಬರು. ಚಾದರದ ಮೇಲೆ ಹಿಂದಿನವನ ಕಲೆ. ಈ ಕಾಯಿಲೆಯಲ್ಲಿ ತಲೆಯೂ ಕೆಡುತ್ತದೆ, ಬೈತಾರೆ, ಹೊಡೀತಾರೆ, ತಯಾರಾಗಿರಿ ಅಂತ ಡಾಕ್ಟರು ಹೇಳಿದ್ದರು. ತಯಾರಾಗಿದ್ದೆ. ಪಕ್ಕದಲ್ಲಿ ಕುಳಿತು ಅವನ ತುಟಿಯನ್ನೇ ನೋಡುತ್ತಿದ್ದೆ. ಬುದ್ಧಿ ತಪ್ಪಿದವನ ತಲಾಖ್ ಬೀಳುವುದಿಲ್ಲ ಅಂತ ಶೇಖ್ ರದ್ವಾನರ ಮಗ ಹೇಳಿದ್ದ. ನನಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಕೇಳಿದ ಕಿವಿಗೆ ಬಿದ್ದಂತೆಯೇ ಲೆಕ್ಕ.

ಕೊನೆಯ ವಾರ ಅವನು ಎಲ್ಲರನ್ನೂ ಬೈದ. ನರ್ಸನ್ನು, ಪಕ್ಕದವನನ್ನು, ಸತ್ತ ತನ್ನ ತಾಯಿಯನ್ನು. ಒಂದು ಮಧ್ಯಾಹ್ನ ನಾನು ಕೆಳಗಿನ ಚಾದರ ಬದಲಿಸುತ್ತಿದ್ದೆ. ಅವನಿಗೆ ನೋವಾಯಿತು. ನನ್ನ ಮಣಿಕಟ್ಟು ಹಿಡಿದ. ಕಿವಿ ಕೆಂಪಾದದ್ದು ಆ ಹಳದಿ ಮುಖದಲ್ಲೂ ಕಂಡಿತು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಕಾದೆ.

"ಸಿಟ್ಟು ಬರ್ತಿದೆ ಕಣೇ" ಅಂದ.

"ಗೊತ್ತು."

"ಮಲಗೇ ಇದ್ದೀನಲ್ಲ. ಇನ್ನೆಲ್ಲಿಗೆ ಮಲಗ್ಲಿ?"

ಲೋಟದಲ್ಲಿದ್ದ ನೀರನ್ನು ಅವನ ಕಿವಿಯ ಮೇಲೆ ಸುರಿದೆ. ಒಂದು ಕಿವಿ, ಇನ್ನೊಂದು ಕಿವಿ. ದಿಂಬು ನೆನೆಯಿತು. ಪಕ್ಕದವನು, ಏನಮ್ಮಾ ನಿನಗೆ ಬುದ್ಧಿ ಇಲ್ವಾ, ನನ್ನ ಕಡೆಗೂ ಹರೀತು ಅಂತ ಕೂಗಿದ. ಬಯ್ಯೂಮಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿಗೆ ಕೈ ಸಡಿಲವಾಯಿತು. ಆಮೇಲೆ ಎರಡು ದಿನ ಉಸಿರಿತ್ತು, ಮಾತಿರಲಿಲ್ಲ.

ಮೂರನೆಯದನ್ನು ಅವನು ಹೇಳಲಿಲ್ಲ. ಗಂಡ ಬಿಟ್ಟರೂ ಸತ್ತರೂ ಹೆಂಗಸು ಮನೆಯೊಳಗೆ ಇದ್ದತ್ ಕುಳಿತು ದಿನ ಎಣಿಸಬೇಕು. ಬದುಕಿದ್ದವನಿಗಾಗಿ ಎರಡು ಸಲ ಕುಳಿತವಳು ನಾನು, ಸಿಟ್ಟಿನಿಂದ ಕುಳಿತಿದ್ದೆ. ಈಗ ಸತ್ತವನಿಗಾಗಿ ಕುಳಿತಿದ್ದೇನೆ. ಮೆತ್ವಲ್ಲಿ ಮೊನ್ನೆ ಬಂದು, "ಅತ್ತಿಗೆ, ತಲಾಖಿನ ಆಣೆಗೂ ನಿನಗೇನು ಬೇಕೋ ಕೇಳು, ತಂದು ಹಾಕ್ತೀನಿ" ಅಂದ. ಹೊರಗೆ ಹೋಗು ಅಂದೆ.